ದೋಣಿಯ ಹಿಂದೆ ಏಳುವ ಅಲೆ

ದೋಣಿಯ ಮೋಟಾರಿಗೆ ಕೊಳವೆ ಹಾಕಿದ್ದ ಪೆಟ್ರೋಲ್ ಕ್ಯಾನಿನ ತಳದಲ್ಲಿ ನಾಲ್ಕು ಬೆರಳಷ್ಟೇ ಉಳಿದಿತ್ತು. ದಡ ಇನ್ನೂ ದೂರ. ನದಿ ಸಮುದ್ರ ಸೇರುವ ಜಾಗ ಅದು. ಇಳಿತದ ನೀರು ಹೊರಕ್ಕೆ ಸೆಳೆಯುತ್ತಿತ್ತು, ಗಾಳಿಯೂ ಎದ್ದಿತ್ತು. ಇಲ್ಲಿ ಮೋಟಾರು ನಿಂತರೆ ದೋಣಿ ನೇರ ನಡುಗಡಲಿಗೇ.

ದೋಣಿಯವನನ್ನು ಊರವರು ‘ರಾಕೆಟ್’ ಎಂದೇ ಕರೆಯುತ್ತಿದ್ದರು. ಮೋಟಾರಿನ ಹಿಡಿಯನ್ನು ಪೂರ್ತಿ ತಿರುಗಿಸದೆ ಅವನಿಗೆ ಸಮಾಧಾನವಿಲ್ಲ. ಮೀನಿನ ಬುಟ್ಟಿಗಳಿಗೆ ನೀರು ಸಿಡಿಯಬಾರದೆಂದು ಎಲ್ಲವನ್ನೂ ಹಿಂದೆ, ತನ್ನ ಕಾಲ ಬುಡದಲ್ಲೇ ಪೇರಿಸಿಕೊಳ್ಳುವುದು ಅವನ ಅಭ್ಯಾಸ. ಹೆಂಡತಿ, ಅಕ್ಕ ಕೂತಿದ್ದೂ ಅಲ್ಲೇ. ದೋಣಿಯ ಮೂತಿ ಆಕಾಶ ನೋಡುತ್ತಿತ್ತು.

“ಲೋ, ಸ್ವಲ್ಪ ವೇಗ ಇಳಿಸೋ,” ಅಂದಳು ಅಕ್ಕ. ಊರಿನ ಮೋಟಾರು ರಿಪೇರಿ ಅಂಗಡಿ ಅವಳದೇ.

“ನಿಂಗೇನು ತಲೆ ಕೆಟ್ಟಿದ್ಯಾ ಅಕ್ಕಾ? ಇಳಿಸಿದ್ರೆ ಯಾವಾಗ ಮುಟ್ಟೋದು?”

“ಹಿಂದೆ ತಿರುಗಿ ನೋಡು. ಗೋಡೆ ಥರ ಅಲೆ ಎಬ್ಬಿಸ್ತಿದ್ದೀಯ. ನಿನ್ನ ಪೆಟ್ರೋಲೆಲ್ಲ ಅದಕ್ಕೇ ಸುರೀತಿದ್ದೀಯ.”

“ಮೋಟಾರು ಓಡ್ಸೋನು ನಾನು, ಪಾಠ ಮಾಡೋಳು ನೀನು!”

ಅಷ್ಟರಲ್ಲಿ ಹೆಂಡತಿ ಕ್ಯಾನನ್ನು ಓರೆ ಮಾಡಿ ನೋಡಿದಳು. “ರೀ, ಎರಡೇ ಬೆರಳಿದೆ. ಮಗು ಅತ್ತೆ ಹತ್ರ ಕಾಯ್ತಿದೆ. ಒಂದ್ಸಲ ಅವರ ಮಾತು ಕೇಳ್ರೀ.” ಅವನೂ ಬಗ್ಗಿ ಕ್ಯಾನಿನೊಳಗೆ ನೋಡಿದ.

ಹಲ್ಲು ಕಚ್ಚಿ ಹಿಡಿಯನ್ನು ಹಿಂದಕ್ಕೆ ತಿರುಗಿಸಿದ. ಹೆಂಗಸರಿಬ್ಬರೂ ಬಗ್ಗಿಕೊಂಡೇ ಬುಟ್ಟಿಗಳನ್ನು ದೋಣಿಯ ನಡುವಿಗೆ ದೂಡಿ, ತಾವೂ ಅಲ್ಲೇ ಕೂತರು. “ಪೂರ್ತಿ ಮುಂದಕ್ಕೆ ಬೇಡ, ಅಲೆ ಒಳಗೆ ನುಗ್ಗತ್ತೆ,” ಎಂದು ಅಕ್ಕ ಎಚ್ಚರಿಸಿದಳು. ಮೂತಿ ಇಳಿಯಿತು. ಮೋಟಾರಿನ ಅರಚಾಟ ಗುರುಗುಟ್ಟುವಷ್ಟಕ್ಕೆ ಬಂತು. ಹಿಂದಿನ ಅಲೆ ತಗ್ಗಿತು. ದಡದ ದೀಪದ ಕಂಬ ಮಾತ್ರ ಹತ್ತಿರವಾಗುತ್ತಲೇ ಇತ್ತು.

“ಇದೇನಕ್ಕಾ, ಅಷ್ಟೇನೂ ನಿಧಾನ ಆಗ್ಲಿಲ್ವಲ್ಲ!”

“ಮೂತಿ ಇಳಿದು ದೋಣಿ ಸಮ ಆಯ್ತಲ್ಲ, ಈಗ ಅಲೆ ಎಬ್ಬಿಸೋಕೆ ಪೆಟ್ರೋಲ್ ಸುರೀತಿಲ್ಲ,” ಅಂದಳು ಅಕ್ಕ. ಅವಳ ಕಣ್ಣು ಕ್ಯಾನಿನ ಮೇಲಿತ್ತು. ಒಂದು ಬೆರಳು. ಆಮೇಲೆ ಅದೂ ಇಲ್ಲ.

ದಡಕ್ಕೆ ಹಗ್ಗ ಎಸೆಯುವಷ್ಟು ದೂರ ಇರುವಾಗ ಮೋಟಾರು ಕೆಮ್ಮಿ ನಿಂತಿತು. ಹೆಂಡತಿ ಎಸೆದ ಹಗ್ಗವನ್ನು ದಡದವರು ಗಬಕ್ಕನೆ ಹಿಡಿದರು. ದಡದಲ್ಲಿ ಕಾಯುತ್ತಿದ್ದ ತನ್ನ ತಾಯಿಯ ಕೈಯಿಂದ ರಾಕೆಟ್ ಮಗುವನ್ನು ಎತ್ತಿ ಎದೆಗವಚಿಕೊಂಡ.

“ಅಕ್ಕಾ, ಅದೇ ಜೋರಲ್ಲಿ ಬಂದಿದ್ರೆ?”

“ಅಲ್ಲೇ ನಿಲ್ತಿತ್ತು,” ಎಂದು ಅಕ್ಕ ಕಪ್ಪಗಾಗುತ್ತಿದ್ದ ನೀರಿನ ಕಡೆ ಕೈ ತೋರಿಸಿದಳು.

ಮರುದಿನ ಹೊರಡುವ ಮೊದಲು ಅವನೇ ಬುಟ್ಟಿಗಳನ್ನು ನಡುವಿಗೆ ಎಳೆದಿಟ್ಟ.

ದೋಣಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ನೀರಿಗಿಳಿದಾಗ ಒಮ್ಮೆ ಹಿಂದೆ ತಿರುಗಿ ನೋಡಿ. ಅಲೆ ದೊಡ್ಡದಿದ್ದರೆ ವೇಗ ಸ್ವಲ್ಪ ಇಳಿಸಿ, ಭಾರವನ್ನು ನಡುವಿಗೆ ತನ್ನಿ. ಹೋಗಿಬರಲು ಬೇಕಾದ್ದಕ್ಕಿಂತ ಹೆಚ್ಚೇ ಪೆಟ್ರೋಲ್ ಜೊತೆಗಿರಲಿ, ಮೈಮೇಲೆ ಲೈಫ್ ಜಾಕೆಟ್ ಇರಲಿ. ಪ್ರತಿ ಸಲವೂ ದಡ ಹಗ್ಗ ಎಸೆಯುವಷ್ಟು ಹತ್ತಿರ ಇರುವುದಿಲ್ಲ.