ನಮ್ಮ ಅಂಗಡಿಯ ಕೈ

ಪುಟ್ಟಿಗೆ ಆಗ ಅರವತ್ತಮೂರು. ಆ ವಯಸ್ಸಿನ ಹೆಂಗಸನ್ನು ಪುಟ್ಟಿ ಅಂತ ಕರೆಯುವವರು ಹೆಚ್ಚು ಜನ ಉಳಿದಿರುವುದಿಲ್ಲ. ಅಣ್ಣ ಕರೆಯುತ್ತಿದ್ದ, ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಅತ್ತಿಗೆ ಕರೆಯುತ್ತಿದ್ದರು, ಅವರು ಗಂಡ ಹೋದ ಮೇಲೆ ಮಗಳ ಮನೆ ಸೇರಿಕೊಂಡಿದ್ದರು. ರೈಲಿನಲ್ಲಿ ಆರು ಗಂಟೆಯ ದಾರಿ. ಮೊದಮೊದಲು ವಾರಕ್ಕೊಮ್ಮೆ ಫೋನ್ ಬರುತ್ತಿತ್ತು, ಆಮೇಲೆ ತಿಂಗಳಿಗೊಮ್ಮೆ ಆಯಿತು, ಈಗ ಎಂಟು ತಿಂಗಳಿಂದ ಅದೂ ಇಲ್ಲ. ಜಗಳವೇನೂ ಆಗಿರಲಿಲ್ಲ. ಅಣ್ಣ ಇದ್ದಾಗ ಅವನ ಮೂಲಕವೇ ಇಬ್ಬರೂ ಮಾತಾಡುತ್ತಿದ್ದದ್ದು, ಅವನಿಲ್ಲದೆ ಮಾತಿಗೆ ವಿಷಯವೇ ಸಿಗುತ್ತಿರಲಿಲ್ಲ, ಅಷ್ಟೇ.

ಅಣ್ಣನದು ಗಡಿಯಾರ ರಿಪೇರಿ ಅಂಗಡಿ. ಮುಂದುಗಡೆ ಗಾಜಿನ ಕೌಂಟರ್, ಹಿಂದೆ ಒಂದು ಪರದೆ, ಪರದೆಯ ಆಚೆ ಕಿಟಕಿ ಪಕ್ಕದಲ್ಲಿ ಪುಟ್ಟಿಯ ಮೇಜು. ಗಡಿಯಾರದ ಯಂತ್ರ ಅಣ್ಣನ ಪಾಲು, ಡಯಲ್ ಅವಳ ಪಾಲು. ನೀರು ಹೋಗಿ ಕಪ್ಪಾದ, ಬೆವರಿಗೆ ಬಣ್ಣ ಎದ್ದ ಡಯಲ್‌ಗಳ ಮೇಲೆ ಮೂರೇ ಮೂರು ಕೂದಲಿನ ಕುಂಚ ಹಿಡಿದು ಗೆರೆ, ಅಂಕಿ, ಕಂಪನಿಯ ಹೆಸರು ಮತ್ತೆ ಬರೆಯುತ್ತಿದ್ದಳು. ಮೂವತ್ತೈದು ವರ್ಷ ಅದೇ ಕೆಲಸ. ಗಿರಾಕಿಗಳಿಗೆ ಪರದೆಯ ಹಿಂದೆ ಯಾರೋ ಹೆಂಗಸು ಇದ್ದಾಳೆ ಅಂತ ಗೊತ್ತಿತ್ತು, ಏನು ಮಾಡುತ್ತಾಳೆ ಅಂತ ಗೊತ್ತಿರಲಿಲ್ಲ. ಲೆಕ್ಕ ಬರೆಯುತ್ತಾಳೆ ಅಂದುಕೊಂಡಿದ್ದರೇನೋ.

ಅಣ್ಣ ಹೋಗಿ ಅಂಗಡಿ ಮುಚ್ಚಿದ ಮೇಲೆ ಅವಳನ್ನು ಕೇಳಿಕೊಂಡು ಬಂದವರು ಯಾರೂ ಇಲ್ಲ. ಹಾಗಾಗಿ ಹರಾಜು ಮನೆಯಿಂದ ಫೋನ್ ಬಂದಾಗ ಮೊದಲು ರಾಂಗ್ ನಂಬರ್ ಅಂದುಕೊಂಡಳು.

"ನಿಮ್ಮ ಅಣ್ಣನವರ ಅಂಗಡಿ ಬೋರ್ಡಿನ ಹಳೇ ಫೋಟೋ ಒಂದರಲ್ಲಿ ಈ ನಂಬರ್ ಸಿಕ್ತು ಅಮ್ಮಾ," ಅಂದ ಆ ಕಡೆಯವನು. ಹಳೆಯ ಕೈಗಡಿಯಾರಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವುದು ಅವನ ಕೆಲಸ. "ಹಳೇ ಸ್ವಿಸ್ ಡಯಲ್‌ಗಳ ಬಗ್ಗೆ ತಿಳಿದವರು ಈ ಊರಲ್ಲಿ ಯಾರೂ ಉಳಿದಿಲ್ಲ. ನೀವೂ ಅದೇ ಅಂಗಡೀಲಿ ಇದ್ದವರಂತೆ. ಒಂದು ಪೀಸ್ ಬಂದಿದೆ. ಒಂದ್ಸಲ ಕಣ್ಣಾಡಿಸಿ ಅಸಲಿ ಹೌದೋ ಅಲ್ವೋ ಹೇಳಿದ್ರೆ ಸಾಕು. ಕಾರ್ ಕಳಿಸ್ತೀನಿ."

ಕಾರು ಬೇಡ ಅಂದು ಬಸ್ಸಿನಲ್ಲೇ ಹೋದಳು. ಹೊರಡುವ ಮುಂಚೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದಳು. ಯಾರೋ ಕಾಯುತ್ತಿರುವ ಜಾಗಕ್ಕೆ ಹೋಗಿ ಬಹಳ ದಿನವಾಗಿತ್ತು.

ಹರಾಜು ಮನೆಯ ಮೂರನೇ ಮಹಡಿಯಲ್ಲಿ ಚಿಕ್ಕ ಕೋಣೆ, ಬಿಳಿ ಮೇಜು, ಮೇಲೆ ಬೂದು ಬಣ್ಣದ ಮೆತ್ತನೆ ಬಟ್ಟೆ. ಫೋನ್ ಮಾಡಿದ್ದ ತಜ್ಞ ನಲವತ್ತರ ಆಸುಪಾಸಿನ ಮನುಷ್ಯ, ಕೈಗೆ ಗ್ಲೌಸ್ ಹಾಕಿಕೊಂಡು ಪೆಟ್ಟಿಗೆಯಿಂದ ಗಡಿಯಾರ ತೆಗೆದಿಟ್ಟ. ಉಕ್ಕಿನ ಕೇಸ್, ಬೆಳ್ಳಿ ಬಣ್ಣದ ಡಯಲ್, ಒಳಗೆ ಎರಡು ಪುಟ್ಟ ವೃತ್ತ, ಅಂಚಿನ ಸುತ್ತ ವೇಗ ಅಳೆಯುವ ಸಣ್ಣ ಸಣ್ಣ ಅಂಕಿ. ಎಪ್ಪತ್ತು ವರ್ಷ ಹಳೆಯದು.

"ಈ ಮಾದರಿಯಲ್ಲಿ ಡಯಲ್ ಕೆಡದೇ ಉಳಿದದ್ದು ಪ್ರಪಂಚದಲ್ಲಿ ಹತ್ತೋ ಹನ್ನೆರಡೋ," ಅಂದ ಅವನು. ದನಿಯಲ್ಲಿ ಹೊಸದಾಗಿ ಅಪ್ಪನಾದವನ ಸಡಗರ. "ಯಂತ್ರಕ್ಕಿಂತ ಡಯಲ್‌ಗೇ ಬೆಲೆ. ಯಾರೂ ಕೈ ಹಚ್ಚಿರಬಾರದು, ಪಾಲಿಶ್ ಮಾಡಿರಬಾರದು. ಹಾಗಿದ್ರೆ ಅರವತ್ತು ಲಕ್ಷಕ್ಕೆ ಮೋಸ ಇಲ್ಲ. ಕೈ ಬಿದ್ದಿದ್ರೆ ಐದಕ್ಕೆ ಬಂದರೆ ಪುಣ್ಯ."

ಪುಟ್ಟಿ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದಳು.

ಬಲಗಡೆ ಅಂಚಿನಲ್ಲಿ ಒಂದು ಎಂಟು ಇತ್ತು. ಅದರ ಮೇಲಿನ ಸೊನ್ನೆ ಕೆಳಗಿನದಕ್ಕಿಂತ ಕೂದಲೆಳೆಯಷ್ಟು ದಪ್ಪ. ಅವಳ ಎಂಟು ಯಾವಾಗಲೂ ಹಾಗೇ. ಶಾಲೆಯಲ್ಲಿ ಮೇಷ್ಟ್ರು ಬೈದಿದ್ದರು, ಅಣ್ಣ ಬೈದಿದ್ದ, ಎಷ್ಟು ತಿದ್ದಿದರೂ ಹೋಗಿರಲಿಲ್ಲ. ಗುಂಪಿನಲ್ಲಿ ತನ್ನದೇ ಮಗುವಿನ ಅಳು ಕೇಳಿಸಿದ ಹಾಗೆ ಇನ್ನೂ ಹತ್ತಿರ ಬಗ್ಗಿದಳು.

ಗಡಿಯಾರದ ಯಜಮಾನ ಒಬ್ಬ ಹಡಗಿನ ಇಂಜಿನಿಯರ್. ಮೂವತ್ತನಾಲ್ಕು ವರ್ಷದ ಹಿಂದೆ ತನ್ನ ತಂದೆಯ ಗಡಿಯಾರ ಅಂತ ತಂದಿದ್ದ. ಉಪ್ಪುನೀರು ಒಳಗೆ ಹೋಗಿ ಡಯಲ್‌ನ ಬಲ ಅರ್ಧ ತಿಂದುಹೋಗಿತ್ತು. ಎಡ ಅರ್ಧಕ್ಕೆ ಹೊಂದುವ ಬೆಳ್ಳಿ ಬಣ್ಣ ಬೆರೆಸುವುದಕ್ಕೇ ಅವಳಿಗೆ ಎರಡು ವಾರ ಹಿಡಿದಿತ್ತು, ಬರೆಯುವುದಕ್ಕೆ ಇನ್ನೊಂದು ತಿಂಗಳು. ಒಯ್ಯಲು ಬಂದ ದಿನ ಇಂಜಿನಿಯರ್ ಅದನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, "ಯಾರ ಕೈ ರೀ ಇದು?" ಅಂದಿದ್ದ. ಪರದೆಯ ಹಿಂದೆ ಪುಟ್ಟಿ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಅಣ್ಣ ನಗುತ್ತಾ, "ನಮ್ಮ ಅಂಗಡಿಯ ಕೈ ಸಾರ್," ಅಂದ. ಅವಳು ಮತ್ತೆ ಕೂತಳು.

"ಏನಮ್ಮಾ? ಅಸಲಿ ತಾನೆ?" ಅಂದ ತಜ್ಞ.

ಹೌದು ಅಂದುಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಅರವತ್ತು ಲಕ್ಷದ ಮಾತನ್ನು ನಂಬುವುದಾದರೆ, ಅವಳ ಕೈ ಅಷ್ಟು ಚೆನ್ನಾಗಿದೆ ಅಂತ ಪ್ರಪಂಚವೇ ಒಪ್ಪಿಕೊಂಡ ಹಾಗೂ ಆಗುತ್ತಿತ್ತು, ಪ್ರಪಂಚಕ್ಕೆ ಮಾತ್ರ ಗೊತ್ತಾಗುತ್ತಿರಲಿಲ್ಲ.

"ಬಲಗಡೆ ಅರ್ಧ ಬರೆದದ್ದು," ಅಂದಳು. "ನಾನೇ ಬರೆದದ್ದು."

ತಜ್ಞ ನಕ್ಕ, ಆಮೇಲೆ ನಗು ನಿಲ್ಲಿಸಿದ. "ಇಲ್ಲಮ್ಮಾ. ಮೈಕ್ರೋಸ್ಕೋಪಲ್ಲಿ ನೋಡಿದೀನಿ ನಾನು."

"ಕೇಸ್ ಅಂಚಿನ ಕೆಳಗೆ ಮುಚ್ಚಿಹೋಗೋ ಜಾಗಕ್ಕೆ ನಾನು ಬಣ್ಣ ಹಚ್ಚಲಿಲ್ಲ. ಯಾರಿಗೂ ಕಾಣಲ್ಲ ಅಂತ ಬಿಟ್ಟೆ. ಯಂತ್ರ ಹೊರಗೆ ತೆಗೆಸಿ ನೋಡಿ, ಉಪ್ಪಿನ ಕಲೆ ಇನ್ನೂ ಇರುತ್ತೆ."

ತೆಗೆಸಿದರು. ಕಲೆ ಇತ್ತು, ಎರಡು ಗಂಟೆಯ ಗೆರೆಯಿಂದ ಐದರವರೆಗೆ, ಕಂದು ಬಣ್ಣದ ಸಣ್ಣ ಕುಡುಗೋಲಿನ ಹಾಗೆ. ತಜ್ಞ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವಳ ಕೆಲಸದ ಬಗ್ಗೆ ಏನಾದರೂ ಹೇಳುತ್ತಾನೇನೋ ಅಂತ ಪುಟ್ಟಿ ಕಾದಳು. ಅವನು, "ಕ್ಯಾಟಲಾಗ್ ನಾಳೆ ಪ್ರಿಂಟಿಗೆ ಹೋಗ್ಬೇಕಿತ್ತು," ಅಂದ.

ಎರಡು ದಿನದ ನಂತರ ಇಂಜಿನಿಯರ್ ಮಗಳು ಮನೆಗೇ ಬಂದಳು. ಬಾಗಿಲಲ್ಲಿ ನಿಂತೇ, "ನೀವೇನಾ ಅವರು?" ಅಂದಳು. ಇಂಜಿನಿಯರ್ ಕಳೆದ ವರ್ಷ ತೀರಿಕೊಂಡಿದ್ದ, ಗಡಿಯಾರವನ್ನು ಹರಾಜಿಗೆ ಕೊಟ್ಟವಳು ಇವಳೇ. ಅವಳ ಮೂಗು ಥೇಟ್ ಅಂದು ಪರದೆಯ ಸಂದಿಯಿಂದ ಕಂಡಿದ್ದ ಅಪ್ಪನದೇ.

"ಒಳಗೆ ಬನ್ನಿ," ಅಂದಳು ಪುಟ್ಟಿ. ಎರಡನೇ ಲೋಟ ಹುಡುಕುವುದಕ್ಕೆ ಕಪಾಟಿನ ಹಿಂದಿನ ಸಾಲಿಗೆ ಕೈ ಹಾಕಬೇಕಾಯಿತು.

ಮಗಳು ಚಹಾ ಮುಟ್ಟಲಿಲ್ಲ. "ನೀವು ಸುಮ್ಮನಿದ್ದಿದ್ರೆ ಯಾರ ಗಂಟು ಹೋಗ್ತಿತ್ತು ಆಂಟಿ? ಕೊಳ್ಳೋರು ದುಡ್ಡು ಇಡೋಕೆ ಜಾಗ ಇಲ್ಲದೋರು. ಅಷ್ಟು ದೊಡ್ಡ ತಜ್ಞನಿಗೇ ಗೊತ್ತಾಗಲಿಲ್ಲ ಅಂದ್ಮೇಲೆ ಇನ್ಯಾರಿಗೆ ಗೊತ್ತಾಗ್ತಿತ್ತು?"

"ಅವರು ಕೇಳಿದ್ರಮ್ಮಾ, ಹೇಳಿದೆ."

"ಕೇಳಿದ್ದಕ್ಕೆಲ್ಲ ಉತ್ತರ ಕೊಡ್ಲೇಬೇಕಾ?"

ಪುಟ್ಟಿ ಚಹಾದ ಲೋಟವನ್ನು ಅವಳ ಕಡೆಗೆ ಸರಿಸಿದಳು. ಮೂವತ್ತೈದು ವರ್ಷದಲ್ಲಿ ಆ ಕೆಲಸದ ಬಗ್ಗೆ ತನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು, ಕೇಳಿದವರಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ ಅಂತ ಹೇಳಬಹುದಿತ್ತು. ಅಪ್ಪನನ್ನು ಕಳೆದುಕೊಂಡು ಕೂತ ಮಗಳ ಮುಂದೆ ಅದು ಬಹಳ ಚಿಕ್ಕ ಮಾತು ಅನ್ನಿಸಿತು.

"ನಿಮ್ಮ ತಂದೆಗೆ ಗೊತ್ತಿತ್ತು, ಇದು ಬರೆದದ್ದು ಅಂತ. ಅವರು ಯಾವತ್ತೂ ನಿಮಗೆ ಹೇಳಲಿಲ್ವಾ?"

"ನಮ್ಮಪ್ಪ ಮನೇಲಿ ಇದ್ದದ್ದೇ ವರ್ಷಕ್ಕೆ ಎರಡು ತಿಂಗಳು," ಅಂದಳು ಮಗಳು. ಸಿಟ್ಟು ಅಲ್ಲಿಗೆ ಇಳಿಯಿತು. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದುಹೋದಳು. ಪುಟ್ಟಿ ಎರಡೂ ಲೋಟ ತೊಳೆದು, ಎರಡನ್ನೂ ಮುಂದಿನ ಸಾಲಿನಲ್ಲೇ ಇಟ್ಟಳು.

ಹರಾಜಿನ ದಿನ ಅವಳನ್ನು ಯಾರೂ ಕರೆದಿರಲಿಲ್ಲ, ಆದರೂ ಹೋದಳು. ಹಿಂದಿನ ಸಾಲಿನ ಮೂಲೆಯ ಕುರ್ಚಿ. ಕ್ಯಾಟಲಾಗಿನಲ್ಲಿ ಫೋಟೋದ ಕೆಳಗೆ ಒಂದು ಸಾಲು: "ಡಯಲ್‌ನ ಬಲಭಾಗ ಹಿಂದೆಂದೋ ಮತ್ತೆ ಬರೆಯಲ್ಪಟ್ಟಿದೆ." ಯಾರಿಂದ ಅನ್ನುವುದು ಇರಲಿಲ್ಲ. ಅವಳ ಬಗ್ಗೆ ಅಚ್ಚಾದ ಮೊದಲ ಸಾಲು ಅದು. ಎರಡು ಸಲ ಓದಿಕೊಂಡಳು.

ಆ ಗಡಿಯಾರದ ಸರದಿಗೂ ಮುಂಚೆ ಒಂದು ಚಿನ್ನದ ಗಡಿಯಾರ ಬಂತು. ಕೊಂಡ ದಿನದಿಂದ ಪೆಟ್ಟಿಗೆಯಲ್ಲೇ ಇಟ್ಟದ್ದು, ಒಂದು ದಿನವೂ ಯಾರ ಕೈಗೂ ಕಟ್ಟಿಲ್ಲ. ಅದಕ್ಕೇ ತೊಂಬತ್ತೊಂದು ಲಕ್ಷ. ಜನ ಚಪ್ಪಾಳೆ ತಟ್ಟಿದರು. ಇಂಜಿನಿಯರ್‌ನ ಗಡಿಯಾರದ ಸರದಿ ಎರಡು ನಿಮಿಷದಲ್ಲಿ ಮುಗಿಯಿತು. ಮೂರು, ಮೂರೂವರೆ, ನಾಲ್ಕು. ಸುತ್ತಿಗೆ ಬಿತ್ತು, ಚಪ್ಪಾಳೆ ಇಲ್ಲ.

ನಾಲ್ಕು ಲಕ್ಷಕ್ಕೆ ಕೊಂಡವರು ಹಲ್ಲಿನ ಡಾಕ್ಟರೊಬ್ಬರು. ಗುಂಡಗಿನ ಹಸನ್ಮುಖಿ. ಹೊರಗೆ ಮೊಗಸಾಲೆಯಲ್ಲಿ ತಜ್ಞ ಪುಟ್ಟಿಯನ್ನು ಅವರಿಗೆ ತೋರಿಸಿ, "ಡಯಲ್ ವಿಷಯ ಹೇಳಿದ್ದು ಇವರೇ," ಅಂದ.

"ಓಹೋ, ನನಗೆ ಐವತ್ತಾರು ಲಕ್ಷ ಉಳಿಸಿದ ತಾಯಿ!" ಅಂದರು ಡಾಕ್ಟರು ಕೈ ಮುಗಿದು. "ನನಗೆ ಬೇಕಾಗಿದ್ದು ಕೇಸು, ಯಂತ್ರ. ಅಸಲಿ ಡಯಲ್ ಒಂದು ನನ್ನ ಹತ್ರ ಆಗಲೇ ಇದೆ, ಹತ್ತು ವರ್ಷ ಹುಡುಕಿ ಹಿಡಿದದ್ದು. ಇದನ್ನ ಕಿತ್ತು ಅದನ್ನ ಕೂರಿಸ್ತೀನಿ. ನಮ್ಮ ಕಡೆ ಇದಕ್ಕೆ ಕಟ್ಟಿಸಿದ ಹಲ್ಲು ಅಂತಾರೆ ನೋಡಿ. ಚೆನ್ನಾಗಿರುತ್ತೆ, ಆದ್ರೆ ಹುಟ್ಟಿದ ಹಲ್ಲಲ್ಲ."

"ಕಿತ್ತದ್ದನ್ನ ಏನು ಮಾಡ್ತೀರಿ?"

"ಏನು ಮಾಡೋದು? ಡ್ರಾಯರಲ್ಲಿ ಬಿದ್ದಿರುತ್ತೆ."

"ನನಗೆ ಕೊಡ್ತೀರಾ?" ಅಂದಳು. ಜೀವಮಾನದಲ್ಲಿ ಅಪರಿಚಿತರನ್ನು ಏನನ್ನೂ ಕೇಳಿದವಳಲ್ಲ, ಕಿವಿಯೆಲ್ಲ ಬಿಸಿಯಾಯಿತು. "ಬರೆದವಳು ನಾನೇ."

ಡಾಕ್ಟರು ಅವಳ ಮುಖ ನೋಡಿದರು, ಆಮೇಲೆ ಕೈ ನೋಡಿದರು. "ಮೆಷಿನ್‌ನಲ್ಲಿ ಮಾಡಿದ್ದು ಅಂದ್ಕೊಂಡಿದ್ದೆ," ಅಂದರು. ಅವಳಿಗೆ ಸಿಕ್ಕ ಹೊಗಳಿಕೆ ಅಷ್ಟೇ.

ಮೂರು ವಾರ ಬಿಟ್ಟು ಡಾಕ್ಟರು ಹೇಳಿದ ವಿಳಾಸಕ್ಕೆ ಹೋದಳು. ಯಂತ್ರ ಬಿಚ್ಚುವವನ ಕಾರ್ಯಾಗಾರ, ಸ್ವಚ್ಛವಾದ ಎರಡು ಮೇಜು, ರೇಡಿಯೊ ಸಣ್ಣಗೆ ಹಾಡುತ್ತಿತ್ತು. ಅವಳ ಕಣ್ಣೆದುರೇ ಅವನು ಮುಳ್ಳುಗಳನ್ನು ಒಂದೊಂದಾಗಿ ಎತ್ತಿದ, ಪಕ್ಕದ ಎರಡು ಸ್ಕ್ರೂ ಸಡಿಲಿಸಿದ, ಚಿಮಟದಲ್ಲಿ ಡಯಲ್ ಎತ್ತಿ ಪಾರದರ್ಶಕ ಪೊಟ್ಟಣಕ್ಕೆ ಹಾಕಿ ಕೈಗೆ ಕೊಟ್ಟ. ಎಲ್ಲ ಸೇರಿ ಹತ್ತು ನಿಮಿಷ. ಆರು ವಾರದ ಕೆಲಸಕ್ಕೆ ಒಂದು ಬಟನ್ನಿನಷ್ಟೂ ತೂಕವಿರಲಿಲ್ಲ.

"ಹಿಂದೆ ಏನೋ ಗೀಚಿದಾರೆ ನೋಡಿ ಮೇಡಂ," ಅಂದ ಅವನು.

ತಿರುಗಿಸಿದಳು. ಹಿತ್ತಾಳೆಯ ಹಿಂಬದಿಯಲ್ಲಿ ಸೂಜಿಯಿಂದ ಗೀಚಿದ ಅಕ್ಷರ, ಒಂದು ತಾರೀಖು. ಅಣ್ಣನ ಅಕ್ಷರ. ಅವನ ಹೆಸರಿನ ಮೊದಲಕ್ಷರ ಮಾತ್ರ. ಅವಳದಿರಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು, ಓರೆ ಮಾಡಿ ನೋಡಿದಳು, ಇನ್ನೇನೂ ಇರಲಿಲ್ಲ.

ಬಸ್ಸಿನಲ್ಲಿ ಬರುವಾಗ ಅಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಬಂತು, ಚೆನ್ನಾಗಿಯೇ ಬಂತು. ಡಯಲ್ ನಾನು ಬರೆದರೆ ಹಿಂದೆ ಸಹಿ ನಿಂದಾ? ನಾಚಿಕೆ ಆಗಲ್ವಾ ನಿನಗೆ? ಪಕ್ಕದಲ್ಲಿ ಕೂತ ಹೆಂಗಸು ತಿರುಗಿ ನೋಡಿದಾಗ ತುಟಿ ಅಲ್ಲಾಡುತ್ತಿದ್ದದ್ದು ತಿಳಿದು ಬಾಯಿ ಮುಚ್ಚಿಕೊಂಡಳು. ಅಣ್ಣ ಇದ್ದಿದ್ದರೆ, "ಅಯ್ಯೋ, ನಿಂದು ನಂದು ಅಂತ ಯಾವತ್ತು ನೋಡಿದೀವೆ ಪುಟ್ಟಿ?" ಅಂತ ಕಿಸಕ್ಕನೆ ನಕ್ಕುಬಿಡುತ್ತಿದ್ದ. ಅವಳು ಎರಡು ದಿನ ಮಾತು ಬಿಡುತ್ತಿದ್ದಳು. ಮೂರನೇ ದಿನ ಅವನು ಹೊಸ ಕುಂಚ ತಂದುಕೊಡುತ್ತಿದ್ದ. ಈಗ ಜಗಳ ಪೂರ್ತಿ ಅವಳ ಕೈಯಲ್ಲೇ ಉಳಿದಿತ್ತು, ತೆಗೆದುಕೊಳ್ಳುವವರೇ ಇಲ್ಲದೆ.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅತ್ತಿಗೆಗೆ ಫೋನ್ ಮಾಡಿದಳು.

"ಯಾಕೆ ಪುಟ್ಟಿ? ಹುಷಾರಾಗಿದೀಯ ತಾನೆ?" ಅತ್ತಿಗೆಯ ದನಿಯಲ್ಲಿ ಗಾಬರಿ.

"ಹುಷಾರಾಗಿದೀನಿ. ನಿಮ್ಮ ಯಜಮಾನರ ಮೇಲೆ ದೂರು ಹೇಳೋಣ ಅಂತ ಮಾಡಿದೆ," ಅಂದಳು. ಎಲ್ಲ ಹೇಳಿದಳು, ಎಂಟರಿಂದ ಹಿಡಿದು ಹಿಂಬದಿಯ ಅಕ್ಷರದವರೆಗೆ.

ಆ ಕಡೆ ಅತ್ತಿಗೆ ನಗಲು ಶುರುಮಾಡಿದರು. "ನಿಂಗೆ ಇದು ಇವತ್ತು ಗೊತ್ತಾಯ್ತಾ? ನಾನು ಮಾಡಿದ ಅಡುಗೆ ನೆಂಟರು ಹೊಗಳಿದ್ರೆ, 'ಉಪ್ಪು ನಾನೇ ನೋಡಿದ್ದು' ಅಂತಿದ್ರು ಕಣೇ! ಮಗಳು ಪಾಸಾದಾಗ ಊರಿಗೆಲ್ಲ ಹೇಳ್ಕೊಂಡು ಬಂದ್ರು, 'ನಾನು ಪಾಸು ಮಾಡಿಸ್ದೆ' ಅಂತ. ಪುಸ್ತಕ ಯಾವ ಬಣ್ಣ ಅಂತಾನೂ ಗೊತ್ತಿರಲಿಲ್ಲ ಆ ಮನುಷ್ಯನಿಗೆ!"

ಪುಟ್ಟಿಯೂ ನಕ್ಕಳು. ಇಬ್ಬರೂ ಸೇರಿ ಅವನನ್ನು ಮುಕ್ಕಾಲು ಗಂಟೆ ಬೈದರು. ಗೊರಕೆಯಿಂದ ಹಿಡಿದು ಎಲ್ಲ ಕಡೆ ಮರೆತು ಬರುತ್ತಿದ್ದ ಕೊಡೆಯವರೆಗೆ ಒಂದನ್ನೂ ಬಿಡಲಿಲ್ಲ. ನಡುವೆ ಒಂದು ಸಲ ಅತ್ತಿಗೆ ಮೂಗು ಒರೆಸಿಕೊಂಡದ್ದು ಕೇಳಿಸಿತು, ಪುಟ್ಟಿ ಕೇಳಿಸದ ಹಾಗೆ ಮಾತು ಮುಂದುವರಿಸಿದಳು.

"ಅದು ನಿಂದೇ ಕೈ ಅಂತ ನಂಗೆ ಯಾವಾಗ್ಲೂ ಗೊತ್ತಿತ್ತು ಬಿಡು," ಅಂದರು ಅತ್ತಿಗೆ ಕೊನೆಗೆ. ಅಷ್ಟರಲ್ಲಿ ಆ ಕಡೆ ಮೊಮ್ಮಗು ಎದ್ದು ಅತ್ತಿತು. "ಇರು, ಭಾನುವಾರ ನಾನೇ ಮಾಡ್ತೀನಿ," ಅಂದು ಇಟ್ಟುಬಿಟ್ಟರು.

ಮಧ್ಯಾಹ್ನದ ಮನೆ ಮತ್ತೆ ಮೊದಲಿನಂತಾಯಿತು. ಪುಟ್ಟಿ ಡಯಲನ್ನು ಪೊಟ್ಟಣದಿಂದ ತೆಗೆದು ಹತ್ತಿಯ ಮೇಲಿಟ್ಟು ಡಬ್ಬಿಗೆ ಹಾಕಿದಳು. ಆಮೇಲೆ ಅನ್ನಕ್ಕಿಟ್ಟು, ಒಬ್ಬಳೇ ಊಟ ಮಾಡಿ, ತಟ್ಟೆ ತೊಳೆದಳು.

ಭಾನುವಾರ ಬೆಳಿಗ್ಗೆಯಿಂದ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಓಡಾಡಿದಳು. ಬರಲಿಲ್ಲ. ಸೋಮವಾರ ಹತ್ತು ಗಂಟೆಗೆ ಇವಳೇ ಮಾಡಿದಳು.