ಎಳ್ಳಮಾಸಿಗೆ ಬಂದ ಸಮಿತಿ

ನರೋಣಾದ ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ವರಾಂಡದಲ್ಲಿ ರೈತರ ಸಭೆಗೆಂದು ತರಿಸಿದ್ದ ಅರವತ್ತು ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಪೇರಿಸಿಟ್ಟಂತೆಯೇ ಇದ್ದವು. ಕಟ್ಟೆಯ ಮೇಲೆ ನಾಯಿಯೊಂದು ಕಾಲು ಚಾಚಿ ಮಲಗಿತ್ತು. ಶಿವಗಂಗಾ ಓಣಿಯ ಉದ್ದಕ್ಕೂ ಕಣ್ಣಾಡಿಸಿದಳು. ಮನೆಮನೆಗೂ ಬೀಗ. ಆಗ ನೆನಪಾಯಿತು. ಇವತ್ತು ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಭೂಮಿತಾಯಿಯ ಪೂಜೆಗೆ ಇಡೀ ಊರು ಹೊಲ ಸೇರಿದೆ.

ಬೆನ್ನ ಹಿಂದೆ ಎರಡು ಕಾರು ನಿಂತಿದ್ದವು. ಒಂದರಲ್ಲಿ ದಿಲ್ಲಿಯಿಂದ ಬಂದ ಸಮಿತಿಯ ಅಧ್ಯಕ್ಷೆ. ಇನ್ನೊಂದರಲ್ಲಿ ವಿಶ್ವವಿದ್ಯಾಲಯದ ಇಬ್ಬರು ಪ್ರೊಫೆಸರರು: ಮಣ್ಣಿನ ವಿಭಾಗದ ಧರ್ಮರಾಜ ಸರ್, ಅರ್ಥಶಾಸ್ತ್ರದ ಹಮೀದಾಬೇಗಂ ಮೇಡಂ. ತೊಗರಿ ನಿಂತಲ್ಲೇ ಯಾಕೆ ಒಣಗುತ್ತದೆ ಎಂದು ನಾಲ್ಕು ವಿಭಾಗಗಳು ಕೂಡಿ ಹುಡುಕುವ ಸಂಶೋಧನಾ ಕೇಂದ್ರಕ್ಕೆ ಸರ್ಕಾರದ ಅನುದಾನ ಬರಬೇಕಿತ್ತು. ನಲವತ್ತು ವಿಶ್ವವಿದ್ಯಾಲಯಗಳು ಪೈಪೋಟಿಗೆ ಬಿದ್ದು ಈಗ ಆರು ಉಳಿದಿದ್ದವು. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಅರ್ಜಿ ಸಿದ್ಧಪಡಿಸುವುದು ಶಿವಗಂಗಾಳ ಕೆಲಸ. ಒಬ್ಬರ ಮುಖ ಒಬ್ಬರು ನೋಡದೆ ನಾಲ್ಕು ವಿಭಾಗದವರು ಬರೆದುಕೊಟ್ಟ ಚೂರುಗಳನ್ನು ಅವಳೇ ಕೌದಿ ಹೊಲಿದಂತೆ ಹೊಲಿದಿದ್ದಳು. ‘ಊರಿನ ರೈತರೇ ನಮ್ಮ ಪಾಲುದಾರರು’ ಎಂಬ ಸಾಲೂ ಅವಳದೇ. ಊರು ನೋಡಲು ಸಮಿತಿ ಕೊಟ್ಟ ಮೂರು ತಾರೀಕುಗಳಲ್ಲಿ ಇದನ್ನು ಆರಿಸಿದವಳೂ ಅವಳೇ. ಕಚೇರಿಯ ರಜೆಪಟ್ಟಿಯಲ್ಲಿ ಎಳ್ಳಮಾಸಿ ಇರಲಿಲ್ಲ.

"ನಿಮಗ ಗೊತ್ತಿರಲಿಲ್ಲೇನ್ರಿ?" ಎಂದು ಅವಳು ಡ್ರೈವರ್ ಖಾದರಸಾಬನನ್ನು ಮೆಲ್ಲಗೆ ಕೇಳಿದಳು.

"ಗೊತ್ತಿತ್ತರಿ ಅಕ್ಕೋರ. ಆದ್ರ ನೀವು ಇದೇ ಊರಾಕಿ. ಬೇಕಂತನೇ ಇಟ್ಟೀರಿ ಅಂತ ತಿಳಕೊಂಡೆ."

ಅವಳು ಅವ್ವ ನಿಂಬೆವ್ವನಿಗೆ ಫೋನು ಹಚ್ಚಿದಳು. ಆ ಕಡೆ ಗದ್ದಲ, ನಗು. "ನಿಮ್ಮ ಹಾದೀನೇ ಕಾಯಾಕತ್ತೇವಿ, ರೊಟ್ಟಿ ಆರಾಕತ್ತಾವ, ಲಗೂನ ಬರ್ರಿ," ಎಂದಳು ನಿಂಬೆವ್ವ. ಶಾಲೆಯಲ್ಲಿ ಸಭೆ ಎಂದು ಹೋದ ವಾರ ಮಗಳು ಹೇಳಿದ್ದನ್ನು ಅವಳು ಕಿವಿಗೇ ಹಾಕಿಕೊಂಡಿರಲಿಲ್ಲ. ಎಳ್ಳಮಾಸಿಯ ದಿನ ಸಭೆಯೆಂದರೆ ಹೊಲದಲ್ಲೇ ಅಲ್ಲವೇ?

ಹೊಲದ ಬನ್ನಿಗಿಡದ ಕೆಳಗೆ ಸುಣ್ಣ ಬಳಿದ ಐದು ಕಲ್ಲು, ಅವುಗಳ ಸುತ್ತ ಜೋಳದ ದಂಟಿನ ಗುಡಿಸಲು. ಆಚೀಚೆ ಹೊಲದವರೂ ಅಲ್ಲೇ ನೆರೆದಿದ್ದರು. ಕಾರಿಳಿಯುತ್ತಿದ್ದಂತೆ ನಿಂಬೆವ್ವ ಎಲ್ಲರಿಗೂ ಕೇಳುವಂತೆ ಅಂದಳು: "ನೋಡ್ರಿ, ಎಳ್ಳಮಾಸಿ ಬಿಡಬಾರ್ದಂತ ನನ್ನ ಮಗಳು ದಿಲ್ಲೀನೇ ಹೊಲಕ್ಕ ತಂದಾಳ." ಶಿವಗಂಗಾ ತಲೆ ತಗ್ಗಿಸಿದಳು. ಮೂರು ವರ್ಷದಿಂದ ಈ ಹಬ್ಬಕ್ಕೆ ಅವಳು ಬಂದಿರಲಿಲ್ಲ.

ಉಣ್ಣುವ ಮುಂಚೆ ಕೆಲಸದ ಮಾತಿಲ್ಲ ಎಂದು ನಿಂಬೆವ್ವ ಹುಕುಂ ಹೊರಡಿಸಿದಳು. ಅಧ್ಯಕ್ಷೆ ಚಪ್ಪಲಿ ಬಿಟ್ಟು ಕೌದಿಯ ಮೇಲೆ ಕೂತು ಸಜ್ಜೆರೊಟ್ಟಿ, ಕಾಳು-ಸೊಪ್ಪು ಬೆರೆಸಿದ ಭಜ್ಜಿ ಉಂಡರು. ಉಂಡಾದ ಮೇಲೆ ನಿಂಬೆವ್ವ ಅವರನ್ನು ಬದುವಿಗೆ ಕರೆದೊಯ್ದಳು. ಬದುವಿನ ಈಚೆ ತೊಗರಿ ಕಾಯಿ ಹಿಡಿದು ಬಾಗಿತ್ತು. ಆಚೆ ಸಾಲಿಗೆ ಸಾಲೇ ಒಣಕಟ್ಟಿಗೆ.

"ಆ ಕಡೀದು ಲಾವಣಿಗಿ ಕೊಟ್ಟೇವ್ರಿ. ಅವರು ವರ್ಷಾ ವರ್ಷಾ ತೊಗರೀನೇ ಬಿತ್ತತಾರ. ಈ ಕಡಿ ನಾ ಒಂದ ವರ್ಷ ಜ್ವಾಳ, ಒಂದ ವರ್ಷ ತೊಗರಿ."

ಖಾದರಸಾಬ ಅದನ್ನು ಅಧ್ಯಕ್ಷೆಗೆ ಹಿಂದಿಯಲ್ಲಿ ಹೇಳಿದ. ಲಾವಣಿಯ ಗುತ್ತಿಗೆ ಒಂದೇ ವರ್ಷದ್ದಾದರೆ ಜೋಳ ಬಿತ್ತಿ ಮಣ್ಣು ಉಳಿಸುವವರು ಯಾರು, ರೋಗ ಇರುವುದು ಕರಾರಿನಲ್ಲೇ ಎಂದರು ಹಮೀದಾಬೇಗಂ. ಧರ್ಮರಾಜ ಸರ್ ಒಪ್ಪಲಿಲ್ಲ, ರೋಗ ಇರುವುದು ಮಣ್ಣಿನಲ್ಲಿ ಎಂದರು. ಮೊಣಕಾಲೂರಿ ಒಣಗಿದ ಗಿಡವೊಂದನ್ನು ಕಿತ್ತು ಬೇರು ಸೀಳಿ ತೋರಿಸಿದರು. ಹಮೀದಾಬೇಗಂ ಮೇಡಂ ಕೂಡ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಒಂದೇ ಕಟ್ಟಡದಲ್ಲಿ ಹನ್ನೊಂದು ವರ್ಷ ಬರೀ ನಮಸ್ಕಾರ ಹಾಕಿಕೊಂಡಿದ್ದವರು ಈಗ ಒಂದು ಬೇರಿಗಾಗಿ ಜಗಳಕ್ಕೆ ಬಿದ್ದಿದ್ದರು. ಅಧ್ಯಕ್ಷೆ ಪೆನ್ನು ತೆಗೆದರು.

ಬಹಳ ಹೊತ್ತಿನ ಮೇಲೆ ಅವರು, ಈ ದಿನವನ್ನು ಇಟ್ಟವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ಧರ್ಮರಾಜ ಸರ್ ಹೆಮ್ಮೆಯಿಂದ ಶಿವಗಂಗಾಳ ಕಡೆ ಕೈ ಮಾಡಿ, ಹಬ್ಬ ನೋಡಿಯೇ ಇಟ್ಟಿದ್ದಾಳೆ ಎಂದರು. ಎಲ್ಲರೂ ಅವಳನ್ನು ನೋಡಿದರು. ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಸೀಳಿದ ಬೇರು ಇನ್ನೂ ಅಲ್ಲೇ ಬಿದ್ದಿತ್ತು. ಅವಳ ಬಾಯಿಗೆ ಸುಳ್ಳು ಬರಲಿಲ್ಲ. ಇಲ್ಲ, ನನಗೆ ಹಬ್ಬವೇ ಮರೆತುಹೋಗಿತ್ತು, ತಪ್ಪು ನನ್ನದು ಎಂದು ಹಿಂದಿಯಲ್ಲೇ ಹೇಳಿಬಿಟ್ಟಳು.

ನಿಂಬೆವ್ವ ಖಾದರಸಾಬನ ಕಡೆ ತಿರುಗಿದಳು. "ಏನಂದ್ಳಪಾ ಈಕಿ?"

ಖಾದರಸಾಬ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. "ಅವ್ವನ ಕೈ ರೊಟ್ಟಿ ನೆನಪಾಗಿ ಇದೇ ದಿನ ಇಟ್ಟೆ ಅಂದ್ರು."

ನಿಂಬೆವ್ವ ತಲೆ ಆಡಿಸಿದಳು. ಅಧ್ಯಕ್ಷೆ ಶಿವಗಂಗಾಳನ್ನು ಒಂದು ಗಳಿಗೆ ನೋಡಿ, ಏನೋ ಬರೆದುಕೊಂಡು, ದಿಲ್ಲಿಯ ಸಂದರ್ಶನಕ್ಕೆ ಬರುವಾಗ ಒಣಗಿದ ಗಿಡ ಒಂದು, ಹಸಿರು ಗಿಡ ಒಂದು ತನ್ನಿ, ಜಗಳಾಡುವ ಈ ಇಬ್ಬರೂ ಬರಲಿ ಎಂದರು.

ಹೊತ್ತು ಇಳಿಯತೊಡಗಿತ್ತು. ನಿಂಬೆವ್ವ ಉಳಿದ ರೊಟ್ಟಿ, ಕಡುಬುಗಳನ್ನು ಎರಡು ಗಂಟು ಕಟ್ಟಿ ಮಗಳ ಕೈಗಿಟ್ಟಳು. ಒಂದು ಹಗುರ, ಒಂದು ಭಾರ.

"ಭಾರಂದು ಖಾದರಸಾಬಂದು," ಅಂದಳು. "ನಾಲ್ಕು ಕಡಬು ಹೆಚ್ಚಿಗಿ ಹಾಕೇನಿ. ಭಾಳ ಛಲೋ ಮನಷಾ."

ಶಿವಗಂಗಾ ಅವ್ವನ ಮುಖ ನೋಡಿದಳು. ಖಾದರಸಾಬ ಹೇಳಿದ ಸುಳ್ಳು ಅವ್ವನಿಗೆ ಗೊತ್ತಾಗಿತ್ತೇ? ನಿಂಬೆವ್ವ ಆಗಲೇ ಆ ಕಡೆ ತಿರುಗಿ, ಬದುವಿನಗುಂಟ ಕೈಗೆ ಸಿಕ್ಕ ತೊಗರಿಕಾಯಿ ಹರಿದು ಮಡಿಲಿಗೆ ಹಾಕಿಕೊಳ್ಳುತ್ತ ನಡೆದಿದ್ದಳು.