ಮುರಿದ ಹಲ್ಲು

ಮನಗೂಳಿಯ ಹಳೇ ಎಣ್ಣೆ ಗಿರಣಿಯ ಸಾಮಾನು ಹರಾಜಿಗೆ ಬಂದಿತ್ತು. ಸುನಂದಾಳ ಕಣ್ಣಿದ್ದದ್ದು ಮೂಲೆಯಲ್ಲಿದ್ದ ಲೇತ್ ಯಂತ್ರದ ಮೇಲೆ. ಅಪ್ಪನ ಕೈಕೆಳಗೆ ಕಬ್ಬಿಣ ಕಡೆಯಲು ಕಲಿತ ಅವಳು ಗಂಡ ಅರುಣಕುಮಾರನೊಂದಿಗೆ ಸಿಂದಗಿಯಲ್ಲಿ ವರ್ಕ್‌ಶಾಪ್ ನಡೆಸುತ್ತಿದ್ದಳು. ಅಜ್ಜನ ಕಾಲದ ಇಂಥ ಗಟ್ಟಿ ಎರಕದ ಯಂತ್ರಕ್ಕಾಗಿ ಬಹಳ ದಿನ ಕಾದಿದ್ದಳು.

ಕೂಗು ಶುರುವಾಗುವ ಮೊದಲು ಎಲ್ಲರಿಗೂ ನೋಡಲು ಬಿಟ್ಟರು. ಸುನಂದಾ ಸೆರಗು ಸೊಂಟಕ್ಕೆ ಸಿಗಿಸಿ, ಯಂತ್ರದ ಹಾಸಿನ ಜಿಡ್ಡು ಒರೆಸಿ, ಉದ್ದಕ್ಕೂ ಉಗುರೆಳೆದಳು. ಎಲ್ಲೂ ಸವೆದಿರಲಿಲ್ಲ. ಖುಷಿಯಿಂದ, ಕಡೆಯುವ ಕಬ್ಬಿಣವನ್ನು ಕಚ್ಚಿ ಹಿಡಿಯುವ ಚಕ್ಕನ್ನು ಕೈಯಿಂದ ತಿರುಗಿಸಿದಳು. ಒಳಗೇನೋ ಟಕ್ಕೆಂದು ಎಡವಿತು. ಮುಚ್ಚಳ ತೆಗೆದು ಮೊಬೈಲ್ ಬೆಳಕು ಬಿಟ್ಟಳು. ದೊಡ್ಡ ಗೇರಿನ ಎರಡು ಹಲ್ಲು ಮುರಿದಿದ್ದವು. ಮುರಿದ ಜಾಗದಲ್ಲಿ ತುಕ್ಕಿಲ್ಲ, ಜಿಡ್ಡಿಲ್ಲ. ಆಗಷ್ಟೇ ಒಡೆದ ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲೇ ಸುತ್ತಿಗೆಯ ಏಟಿನ ಗುರುತು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಕಾವಲುಗಾರ ಮಲ್ಲಣ್ಣನ ಮೇಲೆ ಹರಿಹಾಯ್ದಳು.

"ಇದನ್ನ ಕಾಯಾಕ ಕುಂತೀಯೋ, ಒಡ್ಯಾಕ ಕುಂತೀಯೋ? ಇಂಥಾ ಮಷಿನ್ನಿಗೆ ಬಡ್ಯಾಕ ಕೈಯರ ಹೆಂಗ ಬಂತು?"

ಮುದುಕ ತಡವರಿಸಿದ. "ನಾ ಮುಟ್ಟಿಲ್ಲ ತಂಗಿ. ನಿನ್ನಿ ನಿಮ್ಮ ಮನಿಯವ್ರು ನೋಡಾಕ ಬಂದಿದ್ರು. ನಾ ಚಾ ತರಾಕ ಹೋಗಿದ್ದೆ. ಮತ್ಯಾರೂ ಬಂದಿಲ್ಲ."

ಸುನಂದಾ ತಿರುಗಿ ನೋಡಿದಳು. ಜೊತೆಗೆ ಬಂದು ಹಿಂದೆಯೇ ನಿಂತಿದ್ದ ಅರುಣಕುಮಾರ ಅವಳ ಕಿವಿಗೆ ಬಾಗಿ ಪಿಸುಗುಟ್ಟಿದ: "ಸುಮ್ನಿರ. ಮುರದದ್ದು ನೋಡಿದ್ರ ಬ್ಯಾರೇದವ್ರು ಕೂಗಂಗಿಲ್ಲ. ನಮಗ ಅಗ್ಗಕ್ಕ ಸಿಗತೈತಿ."

ಅವಳು ಅವನಿಂದ ದೂರ ಸರಿದಳು. ಮೈಮುರಿದು ದುಡಿದ ಯಂತ್ರಕ್ಕೆ ಸುತ್ತಿಗೆ ಎತ್ತಿದವನ ಮನೆಯಲ್ಲೇ ತಾನು ಅನ್ನ ಬೇಯಿಸುವುದೇ? ಅದಕ್ಕಿಂತ ಹೆಚ್ಚಾಗಿ, ತಪ್ಪಿಲ್ಲದ ಮುದುಕನನ್ನು ನಾಲ್ಕು ಮಂದಿಯ ಎದುರು ಏಕವಚನದಲ್ಲಿ ಬೈದದ್ದು ಅವಳನ್ನು ಚುಚ್ಚುತ್ತಿತ್ತು.

"ಮಲ್ಲಣ್ಣಾರ, ನಂದು ತಪ್ಪಾತ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಗಿರಣಿಯ ಒಡತಿ ಶಂಕ್ರೆವ್ವನತ್ತ ತಿರುಗಿದಳು. "ಈ ಗೇರು ಮುರದಾವ ನನ್ನ ಗಂಡ. ಉಳದದ್ದೆಲ್ಲಾ ಬಂಗಾರದಂಗ ಐತಿ. ಸರಿ ಇದ್ದ ಮಷಿನ್ ಅಂತ ಹೇಳೇ ಕೂಗ್ರಿ. ನಾನೂ ಹಂಗೇ ಕೂಗ್ತೇನಿ. ಯಾರು ತಗೊಂಡ್ರೂ ಗೇರು ನಾವು ಮಾಡಿ ಕೊಡ್ತೇವಿ."

ಅರುಣಕುಮಾರನ ಮುಖ ಕಪ್ಪಿಟ್ಟಿತು. "ಮಾನ ಕಳದಿ," ಎಂದ.

"ಸುತ್ತಿಗಿ ಎತ್ತಿದಾಗ್ಲೇ ನೀ ಕಳದಿ. ನಾ ಬರೇ ಊರಿಗೆ ಹೇಳೇನಿ."

ಮುದ್ದೇಬಿಹಾಳದಿಂದ ಬಂದ ವ್ಯಾಪಾರಿಯೊಬ್ಬ ಹಟಕ್ಕೆ ಬಿದ್ದು ಬೆಲೆ ಏರಿಸುತ್ತ ಹೋದ. ಸುನಂದಾಳ ಕೈಗೆ ಎಟುಕಲಿಲ್ಲ. ಲೇತ್ ಅವನ ಲಾರಿ ಏರಿತು.

ಲಾರಿ ಹೊರಡುವ ಮೊದಲು ಅವಳು ಆ ವ್ಯಾಪಾರಿಯ ಎದುರೇ ಮುರಿದ ಗೇರನ್ನು ಬಿಚ್ಚಿಸಿಕೊಂಡು, ತಂದು ಗಂಡನ ಎದೆಗೆ ಒತ್ತಿದಳು.

"ಹಿಡಿ. ಹೊಸಾದು ನೀನೇ ಕಡಿಬೇಕು. ಅವ್ರ ಊರಿಗೆ ಹೋಗಿ ನೀನೇ ಕೂಡಸಿ ಬರಬೇಕು. ಅಲ್ಲೀತನಾ ನನ್ನ ಮಾತಾಡಸಬ್ಯಾಡ."

ಸಿಂದಗಿ ಬಸ್ಸಿನಲ್ಲಿ ಅವನು ಗೇರನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವಳು ಮುಂದಿನ ಸೀಟಿನಲ್ಲಿ, ಹಿಂದೆ ತಿರುಗದೆ ಕೂತಳು.